ಜೇಡದ ಪರವಾಗಿ ಎರಡು ಮಾತು

ಮಳೆಗಾಲ ಶುರುವಾಯಿತೆಂದರೆ ನಮ್ಮ ಕುಮಟಾ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ಬಂದೇ ಬರುತ್ತದೆ. ಯಾರದ್ದೋ ಕುತ್ತಿಗೆ ಮೇಲೆ ಬರೆ ಹಾಕಿದ ಹಾಗೆ ಕೆಂಪು ಗೆರೆ, ಅದರ ತುಂಬಾ ನೀರುಗುಳ್ಳೆ. "ಜೇಡ ಉಚ್ಚೆ ಹೊಯ್ದಿದೆ, ಏನು ಹಚ್ಚಬೇಕು?" ಅಂತ ಕೆಳಗೆ ಪ್ರಶ್ನೆ. ಅರಿಶಿನ, ತುಳಸಿ, ಮಜ್ಜಿಗೆ ಅಂತ ಸಲಹೆಗಳ ಸುರಿಮಳೆ. ಜೇಡದ ಪರ ಮಾತ್ರ ಒಬ್ಬರೂ ಮಾತಾಡುವುದಿಲ್ಲ. ಪಾಪ ಅಲ್ವಾ?

ಆ ಗುಳ್ಳೆಗೂ ಜೇಡಕ್ಕೂ ಸಂಬಂಧವೇ ಇಲ್ಲ. ಅದು ಪೇಡೆರಸ್ ಎಂಬ ಸಣ್ಣ ಹುಳದ ಕೆಲಸ. ನೋಡಲು ಇರುವೆಯೇ ಅನ್ನಬೇಕು. ಕಪ್ಪು, ಕಿತ್ತಳೆ ಪಟ್ಟೆ, ಒಂದು ಸೆಂಟಿಮೀಟರಿನಷ್ಟೂ ಉದ್ದ ಇರುವುದಿಲ್ಲ. ಗದ್ದೆ ಕಡೆಯಿಂದ ರಾತ್ರಿ ಟ್ಯೂಬ್‌ಲೈಟಿಗೆ ಬರುತ್ತದೆ. ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆ ಮೇಲೆ ಹರಿದಾಗ ನಾವೇ ರಪ್ಪನೆ ಹೊಡೆದು ಉಜ್ಜುತ್ತೇವೆ. ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಉಜ್ಜಿದ ದಾರಿಯಲ್ಲೇ ಗೆರೆ ಏಳುತ್ತದೆ. ಅದೂ ತಕ್ಷಣ ಅಲ್ಲ, ಒಂದು ದಿನ ಬಿಟ್ಟು. ಅಷ್ಟರಲ್ಲಿ ಹುಳ ಮರೆತುಹೋಗಿರುತ್ತದೆ, ಮೂಲೆಯ ಜೇಡ ಕಣ್ಣಿಗೆ ಬೀಳುತ್ತದೆ. ಇನ್ನು ಮುಂದೆ ಹೊಡೆಯಬೇಡಿ, ಊದಿ ಹಾರಿಸಿ. ಉಜ್ಜಿಯೇ ಬಿಟ್ಟಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಎದೆಯಲ್ಲೋ ಸೊಂಟದಲ್ಲೋ ಒಂದೇ ಬದಿಗೆ ಸಾಲಾಗಿ ಗುಳ್ಳೆ ಎದ್ದು ಉರಿಯುತ್ತಿದ್ದರೆ ಸರ್ಪಸುತ್ತು ಇರಬಹುದು. ಆಗ ಗ್ರೂಪಿನಲ್ಲಿ ಕೇಳುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

ಬಚ್ಚಲುಮನೆಯಲ್ಲಿ ಕಾಣುವ ಅಂಗೈ ಅಗಲದ ಕಂದು ಜೇಡ ಎಲ್ಲರಿಗೂ ಗೊತ್ತು. ಹಂಟ್ಸ್‌ಮನ್ ಅಂತಾರೆ. ಬೇಟೆಗೆ ಬಲೆ ನೇಯುವುದೇ ಇಲ್ಲ. ಹಗಲೆಲ್ಲ ಕ್ಯಾಲೆಂಡರ್ ಹಿಂದೆಯೋ ಹಂಚಿನ ಸಂದಿಯಲ್ಲೋ ಅಡಗಿದ್ದು, ರಾತ್ರಿ ಹೊರಟು ಜಿರಲೆ ಹಿಡಿಯುತ್ತದೆ. ಓಡುವ ರಭಸಕ್ಕೆ ಎದೆ ಧಸಕ್ ಅನ್ನುವುದು ನಿಜ, ನನಗೆ ಈಗಲೂ ಹಾಗೇ. ಹೋದ ವರ್ಷ ನಮ್ಮ ಹಂಡೆಯ ಮೇಲಿನ ಗೋಡೆಯಲ್ಲಿ ಒಂದು ಹೆಣ್ಣು ಇತ್ತು. ಕಣ್ಣುಗಳ ಕೆಳಗೆ ಕೆನೆಬಣ್ಣದ ಪಟ್ಟಿ, ಎದೆಯಡಿ ಚಪ್ಪಟೆಯಾದ ಬಿಳಿ ಮೊಟ್ಟೆಚೀಲ. ಬಿಸಿನೀರಿನ ಹಬೆ ತಾಗಿದರೆ ಪಕ್ಕಕ್ಕೆ ಸರಿಯುತ್ತಿತ್ತು, ಚೀಲ ಮಾತ್ರ ಬಿಡುತ್ತಿರಲಿಲ್ಲ. ಕೈಯಲ್ಲಿ ಒತ್ತಿ ಹಿಡಿದರೆ ಕಚ್ಚೀತು, ನೋವೂ ಆದೀತು. ಆದರೆ ಒತ್ತಿ ಹಿಡಿಯಿರಿ ಅಂತ ಯಾರು ಹೇಳಿದ್ದು?

ಹಿತ್ತಲಿನವು ಇನ್ನೂ ಸಾಧು. ದಾಸವಾಳದ ಗಿಡದಲ್ಲಿ ಬಲೆಯ ನಡುವೆ ಬಿಳಿ ಅಂಕುಡೊಂಕು ಗೆರೆ ಎಳೆದು, ಕಾಲುಗಳನ್ನು ಎರಡೆರಡು ಜೋಡಿಸಿ ಕೂರುತ್ತದಲ್ಲ, ಅದರ ಪಾಡಿಗೆ ಅದನ್ನು ಬಿಡಿ. ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬಂಗಾರದ ಬಣ್ಣದ ಬಲೆ ಮುಖಕ್ಕೆ ಮೆತ್ತಿಕೊಂಡರೆ ಕಿರಿಕಿರಿಯೇ. ಅದರ ನಡುವೆ ಕಾಣುವ ದೊಡ್ಡದು ಹೆಣ್ಣು. ಗಂಡು ಎಷ್ಟು ಸಣ್ಣದೆಂದರೆ ಹುಡುಕಬೇಕು!

ಎಂಟು ಕಾಲಿನ ಬಳಗದಲ್ಲಿ ನಮ್ಮ ಜಿಲ್ಲೆಯವರು ನಿಜಕ್ಕೂ ಹೆದರಬೇಕಾದದ್ದು ರಕ್ತ ಹೀರುವ ಉಣುಗಿಗೆ. ಜೇಡದ ದೂರದ ನೆಂಟ ಅದು. ಸಿದ್ದಾಪುರದ ಕಡೆ ಮಂಗನ ಕಾಯಿಲೆ ತರುವುದು ಅದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಜನರ ಜೀವವನ್ನೇ ತೆಗೆದಿದೆ. ಆದರೂ ಬೇಸಿಗೆಯಲ್ಲಿ ಬರಿಗಾಲಲ್ಲೇ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗುವವರಿದ್ದಾರೆ. ಅವರೇ ಮನೆಗೆ ಬಂದು ಜೇಡ ಕಂಡರೆ ಪೊರಕೆ ಎತ್ತುತ್ತಾರೆ. ಇದು ನನಗೆ ಅರ್ಥವೇ ಆಗದ ವಿಷಯ.

ಹಾಗಂತ ಮನೆಯನ್ನೇ ಜೇಡಕ್ಕೆ ಬರೆದುಕೊಟ್ಟಿಲ್ಲ. ಚೌತಿಗೆ ಮುಂಚೆ ಅಮ್ಮ ಅಡುಗೆಮನೆಯ ಇಲ್ಲಣ ತೆಗೆಯುವಾಗ ನಾನೂ ಏಣಿ ಹಿಡಿಯುತ್ತೇನೆ. ಮೂಲೆಯಲ್ಲಿ ಸಪೂರ ಕಾಲಿನವು ಸೊಳ್ಳೆ ಹಿಡಿಯುತ್ತವೆ, ನಿಜ. ಆದರೆ ಧೂಳು ಹಿಡಿದ ಬಲೆ ಸಾರಿನ ಪಾತ್ರೆಗೆ ಬೀಳುವುದು ಯಾರಿಗೂ ಬೇಡ. ಬಲೆ ತೆಗೆದರೆ ಸಾಕು, ಸ್ಪ್ರೇ ಹೊಡೆಯಲು ನಾನು ಬಿಡುವುದಿಲ್ಲ. ಮಲಗುವ ಕೋಣೆಗೆ ದೊಡ್ಡದು ಬಂದರೆ ಮೇಲೆ ಅಗಲದ ಡಬ್ಬ ಮುಚ್ಚಿ, ಗೋಡೆಗೂ ಡಬ್ಬಕ್ಕೂ ನಡುವೆ ಹಳೆಯ ಲಗ್ನಪತ್ರಿಕೆ ತೂರಿಸಿ, ಹಿತ್ತಲಿಗೆ ಬಿಟ್ಟು ಬರುತ್ತೇನೆ. ದಪ್ಪ ಕಾಗದದ ಪತ್ರಿಕೆಯೇ ಆಗಬೇಕು, ತೆಳುವಾದದ್ದು ನಡುವೆ ಬಗ್ಗಿ ಕೈಕೊಡುತ್ತದೆ.