ಮೋರ್ ಮತ್ತು ಮೋರೆ

1994ರಲ್ಲಿ ನಾನು ಮಲ್ಲೇಶ್ವರದ ಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಓದುತ್ತಿದ್ದೆ ಅನ್ನೋದು ಊರಲ್ಲಿದ್ದ ಅಪ್ಪನಿಗೆ ಹೇಳಿದ ಮಾತು. ನಿಜವಾಗಿ ನಾನು ಪಟ್ಟಿ ಸಂಗ್ರಹಿಸುತ್ತಿದ್ದೆ.

ಎಂಥ ಪಟ್ಟಿ ಅಂತ ಹೇಳುವ ಮೊದಲು ಆ ಕಾಲ ಹೇಗಿತ್ತು ಅಂತ ಹೇಳಬೇಕು. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ನಮ್ಮಂಥವರಿಗೆ ಇದ್ದದ್ದು ಬುಲೆಟಿನ್ ಬೋರ್ಡ್, ಚಿಕ್ಕದಾಗಿ ಬಿಬಿಎಸ್. ಯಾರೋ ಒಬ್ಬ ಪುಣ್ಯಾತ್ಮ ತನ್ನ ಕಂಪ್ಯೂಟರಿಗೆ ಮೋಡೆಮ್, ಅಂದರೆ ಫೋನ್ ಲೈನಿನಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸುವ ಪೆಟ್ಟಿಗೆ, ಹಾಕಿ, ಮನೆಯ ಫೋನ್ ಲೈನಿಗೆ ಸಿಕ್ಕಿಸಿ ಕೂತಿರುತ್ತಿದ್ದ. ನಮ್ಮ ಮೋಡೆಮಿನಿಂದ ಆ ನಂಬರಿಗೆ ಫೋನ್ ಮಾಡಿದರೆ ಅವನ ಕಂಪ್ಯೂಟರಿನ ಒಳಗೆ ಹೋಗಬಹುದಿತ್ತು. ಬರೀ ಅಕ್ಷರ, ಚಿತ್ರಗಿತ್ರ ಇಲ್ಲ. ಸಂದೇಶ ಬರೆಯಬಹುದು, ಫೈಲ್ ಇಳಿಸಿಕೊಳ್ಳಬಹುದು. ಲೈನ್ ಒಂದೇ ಆದ್ದರಿಂದ ಒಂದು ಸಲಕ್ಕೆ ಒಬ್ಬನೇ ಅತಿಥಿ. ಎಷ್ಟೋ ಬೋರ್ಡ್‌ಗಳು ರಾತ್ರಿ ಮಾತ್ರ ತೆರೆಯುತ್ತಿದ್ದವು, ಹಗಲು ಆ ಫೋನು ಮನೆಯವರಿಗೆ ಬೇಕಲ್ಲ! ಈ ಪುಣ್ಯಾತ್ಮನಿಗೆ ಸಿಸಾಪ್ ಅಂತ ಹೆಸರು. ಬೆಂಗಳೂರಲ್ಲಿ ಅತುಲ್ ಚಿಟ್ನಿಸ್ ನಡೆಸುತ್ತಿದ್ದ ಸಿಐಎಕ್ಸ್ ಎಂಬ ಬೋರ್ಡ್ ಹೆಸರುವಾಸಿ. ನನ್ನ ಮಾನ ಹೋದದ್ದು ಅಲ್ಲಲ್ಲ, ಬೇರೆ ಒಂದು ಸಣ್ಣ ಬೋರ್ಡಿನಲ್ಲಿ.

ಮೊಟ್ಟಮೊದಲ ಬೋರ್ಡ್ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ, 1978ರ ಫೆಬ್ರವರಿಯಲ್ಲಿ. ಆ ಚಳಿಗಾಲ ಹಿಮ ಬಿದ್ದು ಬಿದ್ದು ಜನ ಮನೆಯಿಂದ ಹೊರಗೆ ಕಾಲಿಡೋ ಹಾಗಿರಲಿಲ್ಲ. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸೂಸ್ ಎಂಬ ಇಬ್ಬರು ಸುಮ್ನೆ ಕೂರಲಾರದೆ ಕಟ್ಟಿದ್ದು ಅದು. ನಮ್ಮ ಮಲ್ಲೇಶ್ವರದಲ್ಲಿ ಹಿಮ ಬೀಳಲ್ಲ. ಕರೆಂಟ್ ಹೋಗುತ್ತಿತ್ತು. ಆದ್ದರಿಂದ ನಾವು ಏನೂ ಕಂಡುಹಿಡಿಯಲಿಲ್ಲ.

ಸರಿ, ಪಟ್ಟಿ. ಪ್ರತಿ ಬೋರ್ಡಿನಲ್ಲೂ ಯಾವ ಯಾವ ಫೈಲ್ ಇದೆ ಅಂತ ಒಂದು ಪಟ್ಟಿ ಇರುತ್ತಿತ್ತು. ಹೆಸರು, ಗಾತ್ರ, ತಾರೀಕು, ಒಂದು ಸಾಲಿನ ವಿವರಣೆ. ನನಗೆ ಆ ಪಟ್ಟಿಯ ಹುಚ್ಚು. ಫೈಲ್ ಬೇಡ, ಪಟ್ಟಿ ಬೇಕು. ಹೋಟೆಲಿಗೆ ಹೋಗಿ, ಗೋಡೆ ಮೇಲಿನ ತಿಂಡಿಯ ಬೋರ್ಡನ್ನು ಬರೆದುಕೊಂಡು, ಒಂದು ಲೋಟ ನೀರು ಕುಡಿದು ಎದ್ದು ಬರುವವರಿದ್ದರೆ ಅವರು ನನ್ನ ಕುಲದವರು.

ಇದಕ್ಕೆ ಕಾರಣ ಇರಲಿಲ್ಲ ಅಂತಲ್ಲ. ನನ್ನದು 2400ರ ಮೋಡೆಮ್. ಎಲ್ಲ ಸರಿಯಿದ್ದರೆ ಸೆಕೆಂಡಿಗೆ 240 ಅಕ್ಷರ. ಒಂದು ಎಂಬಿ ಇಳಿಯಲು 73 ನಿಮಿಷ. ಬೋರ್ಡಿನವರು ದಿನಕ್ಕೆ ಕೊಡುತ್ತಿದ್ದದ್ದು 30 ನಿಮಿಷ. ಹಾಗಾಗಿ ಏನು ಇಳಿಸಬೇಕು ಅಂತ ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನ, ಅಲ್ವಾ? ನಾನು ನೋಡಿಟ್ಟುಕೊಳ್ಳುವುದರಲ್ಲೇ ಉಳಿದುಬಿಟ್ಟೆ.

ತೊಂದರೆ ಏನಪ್ಪಾ ಅಂದರೆ, ಪಟ್ಟಿ ಒಂದೇ ಸಲಕ್ಕೆ ಹರಿದು ಬರುತ್ತಿರಲಿಲ್ಲ. 23 ಸಾಲು ತೋರಿಸಿ ನಿಲ್ಲುತ್ತಿತ್ತು. ಕೆಳಗೆ 'ಮೋರ್?' ಅಂತ ಪ್ರಶ್ನೆ. ಬೇಕಿದ್ದರೆ ವೈ ಒತ್ತಬೇಕು, ಬೇಡದಿದ್ದರೆ ಎನ್. 2000 ಸಾಲಿನ ಪಟ್ಟಿಗೆ ಹತ್ತಿರ ಹತ್ತಿರ 87 ಸಲ ವೈ. ರಾತ್ರಿ ಒಂದು ಗಂಟೆಗೆ ನಲವತ್ತನೇ ವೈ ಹೊತ್ತಿಗೆ ನನ್ನ ತಲೆ ಕೀಬೋರ್ಡ್ ಮೇಲೆ ಇರುತ್ತಿತ್ತು. ಹಣೆಯಿಂದ ಎನ್ ಒತ್ತಿಹೋಗಿ ಪಟ್ಟಿ ಅರ್ಧಕ್ಕೇ ನಿಂತದ್ದೂ ಉಂಟು.

ಆಗ ಸಿಕ್ಕಿದ್ದು ಸ್ಕ್ರಿಪ್ಟ್ ವಿದ್ಯೆ. ಬೋರ್ಡಿಗೆ ಫೋನ್ ಮಾಡಲು ನಾವು ಬಳಸುತ್ತಿದ್ದ ಟೆಲಿಕ್ಸ್ ಎಂಬ ಪ್ರೋಗ್ರಾಮಿನ ಒಳಗೇ ಒಂದು ಪುಟ್ಟ ಭಾಷೆ ಇತ್ತು. ಅದರ ಹೆಸರು ಸಾಲ್ಟ್. ಉಪ್ಪು! ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನನಗೆ ಅಲ್ಲೇ ನೆನಪಾಗಬೇಕಿತ್ತು. ಆಗಲಿಲ್ಲ.

ವಾರಗಟ್ಟಲೆ ಕೂತು ಸ್ಕ್ರಿಪ್ಟ್ ಬರೆದೆ. ಕನ್ನಡದಲ್ಲಿ ಹೇಳಿದರೆ ಇಷ್ಟೇ: ನಂಬರಿಗೆ ಫೋನ್ ಮಾಡು, ಎಂಗೇಜ್ ಇದ್ದರೆ ಮತ್ತೆ ಮಾಡು. 'ನೇಮ್' ಅಂತ ಕಂಡರೆ ನನ್ನ ಹೆಸರು ಬರಿ. 'ಪಾಸ್‌ವರ್ಡ್' ಅಂತ ಕಂಡರೆ ಪಾಸ್‌ವರ್ಡ್ ಬರಿ. ಮೆನು ಬಂದಾಗ ಎಫ್ ಒತ್ತು. ಆಮೇಲೆ 'ಮೋರ್' ಅಂತ ಎಲ್ಲಿ ಕಂಡರೂ ವೈ ಒತ್ತು. ಏನೂ ಬರದೆ ಎರಡು ನಿಮಿಷ ಕಳೆದರೆ ಪಟ್ಟಿ ಮುಗಿಯಿತು ಅಂತ ತಿಳ್ಕೊಂಡು, ಗುಡ್‌ಬೈಗೆ ಜಿ ಒತ್ತಿ ಹೊರಗೆ ಬಾ. ಪರದೆ ಮೇಲೆ ಬಂದದ್ದನ್ನೆಲ್ಲ ಒಂದು ಫೈಲಿಗೆ ತುಂಬು. ಸ್ವಾಮಿನಿಷ್ಠ ಆಳು. ಹೇಳಿದ್ದನ್ನು ಮಾಡುತ್ತೆ, ಹೇಳದ್ದನ್ನು ಮಾಡಲ್ಲ. ಇಂಥ ಆಳಿನಿಂದ ಹಾಳಾದವರ ಪಟ್ಟಿ ಬೇರೆಯೇ ಇದೆ.

ಮೊದಲ ರಾತ್ರಿ ಫೋನೇ ಹೋಗಲಿಲ್ಲ. ಮಾವನ ಮನೆಯ ಎಕ್ಸ್‌ಚೇಂಜ್ ಹಳೇ ಕಾಲದ್ದು, ಟೋನ್ ಕೊಟ್ಟರೆ ಅದಕ್ಕೆ ತಿಳಿಯದು. ಟೋನ್‌ನಲ್ಲಿ ಡಯಲ್ ಮಾಡಿಸುವ ಎಟಿಡಿಟಿ ಎಂಬ ಆಜ್ಞೆ ತೆಗೆದು, ಹಳೇ ಫೋನಿನ ಹಾಗೆ ಡಯಲ್ ಮಾಡಿಸುವ ಎಟಿಡಿಪಿ ಹಾಕಿದೆ, ಕಟಕಟ ಅಂತ ಡಯಲ್ ಆಯಿತು. ಆ ಕಟಕಟಕ್ಕೆ ಅತ್ತೆ ಎದ್ದು ಬಂದು ಇಲಿ ಇದೆಯಾ ಅಂತ ಕೇಳಿದರು. ಮಾರನೇ ದಿನ ಮೋಡೆಮಿನ ಸ್ಪೀಕರ್ ಬಂದ್ ಮಾಡಿದೆ.

ಸ್ಪೀಕರ್ ಬಂದ್ ಮಾಡಿದ್ದೇ ತಪ್ಪಾಯಿತು. ನಾಲ್ಕು ಬೋರ್ಡಿನ ನಂಬರುಗಳನ್ನು ತುಂಬಿಸಿ ಹನ್ನೊಂದು ಗಂಟೆಗೆ ಮಲಗಿದೆ. ಬೆಳಿಗ್ಗೆ ನೋಡಿದರೆ ಮೂರು ಪಟ್ಟಿ ಬಂದಿದೆ, ನಾಲ್ಕನೆಯದರ ಜಾಗದಲ್ಲಿ 'ನೋ ಕ್ಯಾರಿಯರ್', ಅಂದರೆ ಸಂಪರ್ಕ ಇಲ್ಲ, ಅಂತ ಇಪ್ಪತ್ತು ಸಲ. ಇಪ್ಪತ್ತಕ್ಕೆ ನಿಲ್ಲಿಸು ಅಂತ ಬರೆದಿದ್ದೆ, ದೇವರು ದೊಡ್ಡವನು. ಬೋರ್ಡ್ ಮುಚ್ಚಿದೆಯೇನೋ ಅಂತ, ಹಗಲಲ್ಲಿ ನಾನೇ ರಿಸೀವರ್ ಎತ್ತಿ ಆ ನಂಬರ್ ತಿರುಗಿಸಿದೆ. ಒಂದೇ ರಿಂಗಿಗೆ ಎತ್ತಿದರು. ವಯಸ್ಸಾದ ಗಂಡಸಿನ ದನಿ.

"ಯಾರೋ ನೀನು? ರಾತ್ರಿಯೆಲ್ಲ ಫೋನ್ ಮಾಡಿ ಉಸಿರೂ ಬಿಡದೆ ಇಡ್ತೀಯಲ್ಲ, ನಾಚಿಕೆ ಆಗಲ್ವಾ?"

ಒಂದು ಅಂಕೆ ತಪ್ಪಾಗಿತ್ತು. ಫೋನ್ ಮಾಡುವ ಕಡೆಯ ಮೋಡೆಮ್ ಸುಮ್ಮನೆ ಕಾಯುತ್ತದೆ. ಆ ಕಡೆಯ ಮೋಡೆಮ್ ಮೊದಲು ಕೂಗಬೇಕು, ಆಮೇಲೆ ಇದು ಓಗೊಡಬೇಕು. ಆ ಅಜ್ಜ ಹಲೋ ಹಲೋ ಎಂದು ಕೂಗಿದ್ದರು, ಆದರೆ ಮೋಡೆಮ್ ಕೂಗುವ ಹಾಗೆ ಕೂಗಿರಲಿಲ್ಲ. ಇದು ಮುಕ್ಕಾಲು ನಿಮಿಷ ಕಾದು ಇಟ್ಟಿತ್ತು. ಇದನ್ನೆಲ್ಲ ಅವರಿಗೆ ಹೇಗೆ ಬಿಡಿಸಿ ಹೇಳೋದು? ಬಾಯಿ ಒಣಗಿತು. ಏನೂ ಹೇಳದೆ ರಿಸೀವರ್ ಇಟ್ಟೆ. ಅವರ ಲೆಕ್ಕಕ್ಕೆ ಅದು ಇಪ್ಪತ್ತೊಂದನೆಯದು.

ಅತ್ತೆಯದು ಬೇರೆ ಕಥೆ. ಬೆಳಗಿನ ಜಾವ ಐದಕ್ಕೇ ಏಳುವವರು. ಮೈಸೂರಿನ ತಂಗಿಗೆ, ದರ ಕಡಿಮೆ ಇರುವಾಗಲೇ ಮಾತಾಡಿಬಿಡೋಣ ಅಂತ ಫೋನ್ ಎತ್ತುತ್ತಿದ್ದರು. ನನ್ನ ರೂಮಿಗೂ ಹಾಲ್‌ಗೂ ಲೈನ್ ಒಂದೇ. "ಫೋನೊಳಗೆ ಯಾರೋ ಒಗ್ಗರಣೆ ಹಾಕ್ತಿದಾರೆ ಕಣೋ, ಚುಂಯ್ ಅಂತಿದೆ" ಎಂದು ನನ್ನನ್ನೇ ಎಬ್ಬಿಸಿ ಹೇಳುತ್ತಿದ್ದರು. "ಮಳೆ ಅತ್ತೆ, ಕೇಬಲ್‌ಗೆ ನೀರು ಹೋಗಿರುತ್ತೆ" ಎನ್ನುತ್ತಿದ್ದೆ. ಆಗ ಏಪ್ರಿಲ್ ತಿಂಗಳು. ಆ ದಿನಗಳ ಪಟ್ಟಿಗಳಲ್ಲಿ ಐದು ಗಂಟೆಯ ಹೊತ್ತಿನ ಸಾಲುಗಳು ಆವರಣಚಿಹ್ನೆ, ಅಲೆಗೆರೆ, ಪ್ರಶ್ನಾರ್ಥಕಗಳ ಚಿತ್ರಾನ್ನ. ಲೈನ್ ಚೆನ್ನಾಗಿದ್ದ ದಿನವೂ ಪಟ್ಟಿ ಶುದ್ಧ ಇರುತ್ತಿರಲಿಲ್ಲ ಅನ್ನಿ. ಬೋರ್ಡಿನವರು ಅಂದಕ್ಕೆ ಅಂತ ಅಕ್ಷರಕ್ಕೆ ಬಣ್ಣ ಹಚ್ಚುತ್ತಿದ್ದರು. ಪರದೆ ಮೇಲೆ ಹಳದಿಯಾಗಿ ಕಾಣುವ ಹೆಸರಿನ ಮುಂದೆ, ಫೈಲಿನಲ್ಲಿ ಒಂದು ಬಾಣ, ಒಂದು ಚೌಕ ಆವರಣ, 1;33 ಅಂತೆಲ್ಲ ಕೂತಿರುತ್ತಿತ್ತು. ಅದನ್ನು ಒರೆಸಲು ಇನ್ನೊಂದು ಪ್ರೋಗ್ರಾಮ್ ಬರೆದೆ. ಆ ಸೆಮಿಸ್ಟರಿನಲ್ಲಿ ನಾನು ಶ್ರದ್ಧೆಯಿಂದ ಬರೆದದ್ದು ಅದೊಂದೇ.

ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಆ ಬೆಳಿಗ್ಗೆ.

ಕಾಫಿ ಲೋಟ ಹಿಡಿದುಕೊಂಡು ರಾತ್ರಿಯ ಫಸಲು ನೋಡಲು ಕೂತೆ. ಒಂದು ಬೋರ್ಡಿನ ಪಟ್ಟಿ ಯಾವಾಗಲೂ 150 ಕೆಬಿ ಇರುವುದು, ಅವತ್ತು 2 ಕೆಬಿ ಇತ್ತು. ತೆರೆದೆ. ಪಟ್ಟಿ ಇರಲಿಲ್ಲ. ಸಂಭಾಷಣೆ ಇತ್ತು.

ಆಗಿದ್ದಿಷ್ಟು. ಸಿಸಾಪ್ ಅವತ್ತು ಸಂಜೆ ಮೆನು ಬದಲಾಯಿಸಿದ್ದರು. ಎಫ್ ಎಂದರೆ ಫೈಲ್ಸ್ ಆಗಿದ್ದದ್ದು ಫೀಡ್‌ಬ್ಯಾಕ್ ಆಗಿತ್ತು. ನನ್ನ ಆಳು ಎಂದಿನಂತೆ ಎಫ್ ಒತ್ತಿದ. ಸಿಸಾಪ್‌ಗೆ ಏನು ಹೇಳಬೇಕು ಬರೆಯಿರಿ ಅಂತ ಪರದೆ ಖಾಲಿ ಜಾಗ ಕೊಟ್ಟಿತು. ಆಳು 'ಮೋರ್' ಗಾಗಿ ಕಾಯುತ್ತಾ ಕೂತ. ಆ ಹೊತ್ತಿಗೆ ಎಚ್ಚರವಿದ್ದ ಸಿಸಾಪ್, ಪಾಪ ಹುಡುಗ ಏನೋ ಹೇಳೋಕೆ ಬಂದು ಹಿಂಜರಿತಿದಾನೆ ಅಂದುಕೊಂಡು ಚಾಟ್‌ಗೆ ಬಂದರು. ಅವರು ಟೈಪ್ ಮಾಡಿದ್ದು ನನ್ನ ಪರದೆಯಲ್ಲಿ, ನಮ್ಮ ಕಡೆಯದು ಅವರ ಪರದೆಯಲ್ಲಿ.

ಮೊದಲು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ್ದರು. ಉತ್ತರ ಇಲ್ಲ. ಏನು ಸಹಾಯ ಬೇಕು ಅಂತ ಕೇಳಿದ್ದರು. ಉತ್ತರ ಇಲ್ಲ. "ಟೆಲ್ ಮಿ ಮೋರ್" ಎಂದಿದ್ದರು.

"ವೈ" ಎಂದಿತ್ತು ನನ್ನ ಸ್ಕ್ರಿಪ್ಟ್.

ಯಾಕೆ ಅಂತ ಕೇಳ್ತಾನಲ್ಲ! ಸಿಸಾಪ್ ತಾಳ್ಮೆಯ ಮನುಷ್ಯ. ನೀವು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು, ಒನ್ ಮೋರ್ ಟೈಮ್ ಕೇಳ್ತೀನಿ, ತೊಂದರೆ ಏನು ಎಂದಿದ್ದರು.

"ವೈ."

ಇದು ನನ್ನ ಬೋರ್ಡ್, ನಾನು ಕೇಳಬಹುದು. ಮೋರೋವರ್, ಗಂಟೆ ಹನ್ನೆರಡಾಯಿತು.

"ವೈ."

ಗಂಟೆ ಹನ್ನೆರಡು ಯಾಕಾಯಿತು ಅಂತ ಕೇಳಿದರೆ ಎಂಥ ಸಾಧುವೂ ರೇಗುತ್ತಾನೆ. ಸಿಸಾಪ್ ಇಂಗ್ಲಿಷ್ ಬಿಟ್ಟರು. ರೇಗಿದಾಗ ನಮ್ಮವರಿಗೆ ಬರೋದು ಕನ್ನಡವೇ. ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿದ್ದರು: "ನಿನ್ನ ಮೋರೆಗಿಷ್ಟು ಬೆಂಕಿ ಹಾಕ."

ಮೋರೆಯನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಎಂ, ಓ, ಆರ್, ಇ.

"ವೈ" ಎಂದಿತ್ತು ಸ್ಕ್ರಿಪ್ಟ್.

ಅಲ್ಲಿಂದ ಮುಂದೆ ಎರಡು ನಿಮಿಷ ಸಿಸಾಪ್ ಏನೂ ಬರೆದಿರಲಿಲ್ಲ. ನೀರು ಕುಡಿಯಲು ಎದ್ದುಹೋಗಿದ್ದರೋ ಏನೋ. ಏನೂ ಬರದ ಎರಡು ನಿಮಿಷಕ್ಕೆ ನನ್ನ ಆಳು ಏನು ಮಾಡಬೇಕು ಅಂತ ನಾನೇ ಹೇಳಿಕೊಟ್ಟಿದ್ದೆನಲ್ಲ. ಚಾಚೂ ತಪ್ಪದೆ ಮಾಡಿದ.

"ಜಿ."

"ಈಗ ಜೀ ಅಂತ ಮರ್ಯಾದೆ ಬೇರೆ" ಎಂಬುದು ಸಿಸಾಪರ ಕೊನೆಯ ಸಾಲು. ಅದರ ಕೆಳಗೆ ನೋ ಕ್ಯಾರಿಯರ್. ಅವರೇ ಲೈನ್ ಕಿತ್ತಿದ್ದರು.

ಕಾಫಿ ಆರಿಹೋಯಿತು. ಅವತ್ತು ರಾತ್ರಿ ಸ್ಕ್ರಿಪ್ಟ್ ಬಿಟ್ಟು, ನನ್ನದೇ ಬೆರಳಿನಿಂದ ಒಳಗೆ ಹೋದೆ. ಒಂದು ಸಂದೇಶ ಕಾಯುತ್ತಿತ್ತು. ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರು ಬಂದರು, ಏನು ಮಾಡಿದರು ಅಂತ ದಾಖಲಾಗುವ ತಮ್ಮ ಲಾಗ್ ತೆಗೆದು ನೋಡಿದ್ದರು ಅಂತ ಕಾಣುತ್ತೆ. "ಎರಡು ತಿಂಗಳಿಂದ ದಿನಾ ರಾತ್ರಿ ಬಂದು ಇಡೀ ಪಟ್ಟಿ ನೋಡ್ತೀಯ. ಒಂದು ಫೈಲೂ ಇಳಿಸಿಲ್ಲ. ಮನೆಯಲ್ಲಿ ಎಲ್ಲ ಸೌಖ್ಯವಾ? ಪಟ್ಟಿಯೇ ಬೇಕಿದ್ದರೆ ಆಲ್‌ಫೈಲ್ಸ್ ಡಾಟ್ ಜಿಪ್ ಅಂತ ಇದೆ ನೋಡು. ದಿನಾ ಹೊಸದು ಮಾಡಿ ಇಡ್ತೀನಿ. ಪಟ್ಟಿಯ ಮೊದಲನೇ ಸಾಲೇ ಅದು."

ಮೊದಲನೇ ಸಾಲೇ ಅದು. ಅರವತ್ತು ರಾತ್ರಿ ನಾನು ಹಿಡಿದಿಟ್ಟ ಪಟ್ಟಿಗಳ ತಲೆಯ ಮೇಲೆ ಅದೇ ಕೂತಿತ್ತು. ಹಿಡಿದೆ, ಬಣ್ಣ ಒರೆಸಿದೆ, ಜೋಡಿಸಿದೆ, ಫ್ಲಾಪಿಗೆ ತುಂಬಿದೆ. ಓದಲಿಲ್ಲ. 150 ಕೆಬಿ ಪಟ್ಟಿ ಜಿಪ್ ಆಗಿ, ಅಂದರೆ ಒತ್ತಿ ಚಿಕ್ಕದಾಗಿ, 50 ಕೆಬಿ, ಇಳಿಯಲು ಮೂರೂವರೆ ನಿಮಿಷ ಸಾಕು. ಮೋರ್ ಇಲ್ಲ, ವೈ ಇಲ್ಲ.

ಆ ತಿಂಗಳ ಕೊನೆಗೆ ಫೋನ್ ಬಿಲ್ ಬಂತು. ಆಗ ಎರಡು ತಿಂಗಳಿಗೊಂದು ಬಿಲ್. ಲೋಕಲ್ ಕಾಲ್‌ಗಳ ವಿವರ ಇರುತ್ತಿರಲಿಲ್ಲ, ಬರೀ ಒಟ್ಟು ಮೊತ್ತ. ಮಾವ ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ನೋಡಿದರು. ಆಮೇಲೆ ಅಡುಗೆಮನೆ ಕಡೆ ತಿರುಗಿ, "ನಿನ್ನ ತಂಗಿ ಹತ್ತಿರ ಅಷ್ಟೊಂದು ಏನೇ ಮಾತು?" ಎಂದರು. ಅತ್ತೆ ಮೂರು ದಿನ ಮಾವನ ಜೊತೆ ಮಾತು ಬಿಟ್ಟರು. ನಾನು ತಲೆ ಬಗ್ಗಿಸಿ ಉಪ್ಪಿಟ್ಟು ತಿಂದೆ. ಅತ್ತೆಗೆ ನಿಜ ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಹೇಳಿದಾಗ ಅವರು ನಗಲಿಲ್ಲ.

ಕೆಲವು ತಿಂಗಳ ಮೇಲೆ ಬೋರ್ಡಿನವರೆಲ್ಲ ಒಂದು ಭಾನುವಾರ ಹೋಟೆಲಿನಲ್ಲಿ ಸೇರಿದರು. ಮುಖ ನೋಡಿರದ ಜನ. ನಾನು ಮೂಲೆಯಲ್ಲಿ ಕೂತು, ಕೇಳಿದವರಿಗೆ ಮೆಲ್ಲಗೆ ಹೆಸರು ಹೇಳಿದೆ. ಎದುರಿಗೆ ಕೂತಿದ್ದವರು, ಐವತ್ತರ ಆಸುಪಾಸಿನ, ಸ್ವೆಟರ್ ಹಾಕಿದ್ದ ಬ್ಯಾಂಕ್ ಗುಮಾಸ್ತರು, ದೋಸೆ ಮುರಿಯುವುದನ್ನು ನಿಲ್ಲಿಸಿದರು.

"ಓ, ನೀನೇನಾ ವೈ?"

ಇಡೀ ಟೇಬಲ್ ನಕ್ಕಿತು. ಲಾಗನ್ನು ಅವರು ಎಲ್ಲರಿಗೂ ಓದಿಸಿಯಾಗಿತ್ತು. ನನ್ನ ಬೆನ್ನು ತಟ್ಟಿದರು, ಯಾವ ಕಾಲೇಜು ಅಂತ ವಿಚಾರಿಸಿದರು. ಆಮೇಲೆ ಚಟ್ನಿಯ ಬಟ್ಟಲನ್ನು ನನ್ನ ತಟ್ಟೆಯ ಮೇಲೆ ಹಿಡಿದು, ನನ್ನನ್ನೇ ನೋಡುತ್ತಾ, "ಮೋರ್?" ಎಂದರು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು.

ದೋಸೆ ಅರ್ಧ ಉಳಿದಿತ್ತು, ಚಟ್ನಿ ಪೂರ್ತಿ ಖಾಲಿ. ಆದರೂ "ಎನ್" ಎಂದೆ.