ಗುಡುಗುಡಿ ಪದ ರಾಕ್‌ಗಿಂತ ಮೊದಲೇ ಊರೂರಲ್ಲಿತ್ತು

ಶಿಶುನಾಳ ಶರೀಫರ ‘ಗುಡುಗುಡಿಯ (ಹುಕ್ಕಾ) ಸೇದಿ ನೋಡೋ’ ಪದವನ್ನು ಗಾಯಕ ರಘು ದೀಕ್ಷಿತ್ ಅವರ ತಂಡ ರಾಕ್ ಮಾಡಿದ್ದರಿಂದಲೇ ಅದು ಜನರಿಗೆ ಗೊತ್ತಾಯಿತು ಅಂತ ನಾನು ಓದಿದ ಲೇಖನವೊಂದರಲ್ಲಿದೆ. ಬೆಂಗಳೂರಿನ ಮಟ್ಟಿಗೆ ಇರಬಹುದು. ನಮ್ಮ ಜಮಖಂಡಿ ಕಡೆ ಬಂದು ಈ ಮಾತು ಹೇಳಿ ನೋಡಿ! ಇಲ್ಲಿ ಭಜನಾ ಮೇಳದವರು ಇದನ್ನು ಹಾಡದೆ ಎದ್ದು ಹೋಗುವುದೇ ಕಡಿಮೆ. ಅದೂ ಬಿಡಿ, 1990ರಲ್ಲೇ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದಿತ್ತು. ಸಿ. ಅಶ್ವತ್ಥ್ ದನಿಯಲ್ಲಿ ಶರೀಫರ ಪದಗಳು ಮನೆಮನೆ ಸೇರಿದ್ದವು. ರಘು ಅವರ ಆಲ್ಬಂ ಬಂದಿದ್ದು 2008ರಲ್ಲಿ.

ಹಾಗಂತ ಗಿಟಾರ್ ಮೇಲೆ ನನಗೆ ಸಿಟ್ಟಿಲ್ಲ. ಶರೀಫರು 1889ರಲ್ಲಿ ತೀರಿಕೊಂಡವರು, ಪದ ಬಾಯಿಂದ ಬಾಯಿಗೆ ಬಂದಿದೆ. ಒಂದೊಂದು ಮೇಳದ್ದು ಒಂದೊಂದು ಧಾಟಿ. ದಮ್ಮಡಿ ವಾದ್ಯ ಬಾರಿಸುವವನು ರಂಗೇರಿದರೆ ಕೊನೆಯ ನುಡಿಗೆ ಲಯ ಡಬಲ್ ಆಗುತ್ತದೆ, ತಾಳದವರು ಎದ್ದು ಕುಣಿಯುತ್ತಾರೆ. ಡ್ರಮ್ಸ್‌ನವರು ಮಾಡುವುದೂ ಅದನ್ನೇ ಅಲ್ವಾ?

ನನ್ನ ತಕರಾರು ಕೇಳುವವರ ಬಗ್ಗೆ. ಕಾಲೇಜು ಗ್ಯಾದರಿಂಗ್‌ನಲ್ಲಿ ಪಲ್ಲವಿ ಬಂದ ಕೂಡಲೇ ಹುಡುಗರು ಸಿಗರೇಟು ಸೇದುವ ಆಕ್ಷನ್ ಮಾಡಿ ಕಿರುಚುತ್ತಾರೆ. ಮುಂದಿನ ನುಡಿ ಕೇಳಲು ಪುರುಸೊತ್ತಿಲ್ಲ. ಅಲ್ಲಿ ಮನಸ್ಸೇ ಸಂಚಿ, ಮೋಹವೇ ಭಂಗಿ (ಸೇದುವ ಭಂಗಿಸೊಪ್ಪು). ಅದನ್ನು ಕೊಚ್ಚಿ ಸುಟ್ಟುಬಿಡು ಅನ್ನುತ್ತಾರೆ ಶರೀಫರು. ನಮ್ಮ ಮೇಳದ ಹಿರಿಯರೊಬ್ಬರು ಆ ಸಾಲಿಗೆ ಹಾಡು ನಿಲ್ಲಿಸಿ, ಸೊಂಟದ ಎಲಿ-ಅಡಿಕಿ ಸಂಚಿ ಬಿಚ್ಚಿ ತೋರಿಸಿ, ಅರ್ಥ ಹೇಳಿಯೇ ಮುಂದೆ ಹೋಗುವುದು. (ಆಮೇಲೆ ಅದರಿಂದಲೇ ತಂಬಾಕು ಹಾಕಿಕೊಳ್ಳುತ್ತಾರೆ, ಅದು ಬೇರೆ ಮಾತು.) ಯಾವುದಾದರೂ ಬ್ಯಾಂಡ್ ಇಂಥ ಮೇಳದ ಜೊತೆ ಒಂದೇ ವೇದಿಕೆಯಲ್ಲಿ ಹಾಡಲಿ. ಟಿಕೆಟ್ ಇಟ್ಟರೂ ಬರುತ್ತೇನೆ.