ಸಂಶೋಧನೆಯನ್ನು ನೌಕರಿಯೆಂದೇ ಕರೆಯಬೇಕೇ?

ಪರ

ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ಧಾರವಾಡದ ಕಡೆಯ ಹುಡುಗಿ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನೆಂಟರು ಕೇಳುವುದು ಒಂದೇ: "ಇನ್ನೂ ಓದಾಕತ್ತಿಯೇನವಾ?" ಬೆಳಗ್ಗೆ ಪ್ರಯೋಗಾಲಯ ಸೇರಿದರೆ ರಾತ್ರಿ ಕೋಣೆಗೆ ಮರಳುವ ಅವಳ ದುಡಿಮೆಗೆ ಬರುವ ಹಣ ಸಂಬಳವಲ್ಲ, ಶಿಷ್ಯವೇತನ. (ಆ ಪದದಲ್ಲಿಯೇ ವೇತನವಿದೆ ಎಂಬುದು ಬೇರೆ ಮಾತು.) ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಿರಿಯ ಸಂಶೋಧಕರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000, ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಮೊತ್ತ ತೀರ ಕಡಿಮೆಯೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಭವಿಷ್ಯನಿಧಿಯಿಲ್ಲ, ಕಂತು ತಡವಾದಾಗ ನೌಕರಳಂತೆ ಗಟ್ಟಿಯಾಗಿ ಕೇಳುವ ನೆಲೆಯೂ ಇಲ್ಲ. ಸಂಶೋಧನೆ ತಪಸ್ಸೆಂದು ಉಪದೇಶಿಸುವವರು ಬಹುಮಟ್ಟಿಗೆ ಕಾಯಂ ಹುದ್ದೆಯಲ್ಲಿರುವವರು. ತಾನು ಉದ್ಯೋಗಸ್ಥಳೆಂದು ಅವಳು ಮೊದಲು ತನಗೇ ಹೇಳಿಕೊಂಡರೆ, ರಜೆ ಕೇಳುವಾಗ ತಪ್ಪು ಮಾಡಿದವಳಂತೆ ತಲೆತಗ್ಗಿಸಬೇಕಾಗುವುದಿಲ್ಲ.

ವಿರೋಧ

ನೌಕರಿಯೆಂದ ಮೇಲೆ ಅದಕ್ಕೊಂದು ಅಳತೆಗೋಲು ಬೇಕಾಗುತ್ತದೆ, ಅದು ಬಂದಾಗ ಏನಾಯಿತೆಂಬುದನ್ನು ನಾವು ಕಂಡಿದ್ದೇವೆ. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದಿತು. ಪ್ರಬಂಧಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಎಂದು ಅಂಕ ಕಟ್ಟಿದೊಡನೆ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳು ನಾಯಿಕೊಡೆಯಂತೆ ಎದ್ದವು. ಅವನ್ನು ಜರಡಿ ಹಿಡಿಯಲೆಂದು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿದ್ದ 'ಕೇರ್' ಎಂಬ ಒಪ್ಪಿತ ನಿಯತಕಾಲಿಕೆಗಳ ಪಟ್ಟಿಯನ್ನೂ 2025ರಲ್ಲಿ ಕೈಬಿಡಲಾಯಿತು.

ಮುಂಬೈಯ ಕಲಿನಾ ಆವರಣದಲ್ಲಿರುವ ಕನ್ನಡ ವಿಭಾಗಕ್ಕೆ ಬ್ಯಾಂಕಿನಿಂದಲೋ ಶಾಲೆಯಿಂದಲೋ ಲೋಕಲ್ ಹಿಡಿದು ಬರುವ ಸಂಶೋಧಕರನ್ನು ನೋಡಿದರೆ, ಅವರಿಗೆ ನೌಕರಿ ಆಗಲೇ ಇದೆ. ಬೇಕಾಗಿರುವುದು ಇನ್ನೊಂದು ನೌಕರಿಯಲ್ಲ. ಗೋವೆಯಲ್ಲಿ 1907ರಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿಯವರು 1945ರಿಂದ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗಣಿತಜ್ಞರಾಗಿದ್ದು, ಪುಣೆಯ ಮನೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡುತ್ತಿದ್ದರು. ಸಂಬಳ ಗಣಿತಕ್ಕಾದರೂ, ಮುದ್ರಾಂಕಿತ ನಾಣ್ಯಗಳನ್ನು ತೂಗಿ ಅವುಗಳ ಸವೆತದಿಂದ ಚಲಾವಣೆಯ ಕಾಲವನ್ನು ಲೆಕ್ಕ ಹಾಕುವ ಕೆಲಸವನ್ನು ಅವರಿಗೆ ಯಾವ ಹುದ್ದೆಯೂ ಒಪ್ಪಿಸಿರಲಿಲ್ಲ. ಆ ಸಂಬಳವಿಲ್ಲದೆ ನಾಣ್ಯ ತೂಗಲು ಬಿಡುವೆಲ್ಲಿತ್ತೆಂದು ಎದುರು ಪಕ್ಷದವರು ಕೇಳಬಹುದು. ಆ ಮಾತಿನಲ್ಲಿ ತೂಕವಿದೆ, ಅಲ್ಲಗಳೆಯುವುದಿಲ್ಲ. ಆದರೆ ಸಂಬಳ ಬಿಡುವನ್ನು ಕೊಟ್ಟಿತು, ಪ್ರಶ್ನೆಯನ್ನು ಕೊಡಲಿಲ್ಲ. ಸಂಸ್ಥೆ 1962ರಲ್ಲಿ ಅವರ ಒಪ್ಪಂದವನ್ನು ನವೀಕರಿಸಲಿಲ್ಲ; ಪ್ರಾಚೀನ ಭಾರತದ ಸಂಸ್ಕೃತಿಯನ್ನು ಕುರಿತ ಅವರ ಗ್ರಂಥ ಹೊರಬಂದದ್ದು 1965ರಲ್ಲಿ.